ಜಪಾನೀ ಭಾಷೆ ಮತ್ತು ಲಿಪಿಗಳ ಬೆಳವಣಿಗೆ: ಹಸ್ತಪ್ರತಿಗಳ ಸಾಕ್ಷ್ಯ

ಇಂದಿನ ಜಪಾನೀ ಬರಹದ ಯಾವುದೇ ಪುಟವನ್ನು ತೆರೆದರೂ ಅದರಲ್ಲಿ ಮೂರು ಲಿಪಿಗಳು ಒಟ್ಟಿಗೆ ಇರುವುದು ಕಂಡುಬರುತ್ತದೆ. ನಾಮಪದಗಳನ್ನೂ ಕ್ರಿಯಾಪದಗಳ ಪ್ರಕೃತಿಗಳನ್ನೂ ಚೀನದಿಂದ ಬಂದ ಪದಲಿಪಿಯಾದ ಕಾಂಜಿಯಲ್ಲಿ ಬರೆಯುತ್ತಾರೆ. ಪ್ರತ್ಯಯಗಳನ್ನು ಹಿರಗಾನ ಎಂಬ ಅಕ್ಷರಲಿಪಿಯಲ್ಲಿ ಬರೆಯುತ್ತಾರೆ. ಪಾಶ್ಚಾತ್ಯ ಭಾಷೆಗಳಿಂದ ಬಂದ ಪದಗಳಿಗೆ ಕತಕಾನ ಎಂಬ ಇನ್ನೊಂದು ಅಕ್ಷರಲಿಪಿ ಬಳಕೆಯಾಗುತ್ತದೆ. ಇವುಗಳಲ್ಲಿ ಮೊದಲನೆಯದು ಎರವಲಾಗಿ ಬಂದುದು. ಉಳಿದೆರಡು ಅದರಿಂದಲೇ ಜಪಾನಿನ ನೆಲದಲ್ಲಿ ಹುಟ್ಟಿದವು. ಈ ಎರಡನ್ನು ಯಾವ ಅರಸನೂ ಆಜ್ಞೆ ಹೊರಡಿಸಿ ಜಾರಿಗೆ ತರಲಿಲ್ಲ. ಯಾವನೋ ಒಬ್ಬ ಪಂಡಿತನು ಕುಳಿತು ರೂಪಿಸಲೂ ಇಲ್ಲ. ಧರ್ಮಗ್ರಂಥಗಳನ್ನು ಓದುತ್ತಿದ್ದ ಭಿಕ್ಷುಗಳು ಸಾಲುಗಳ ನಡುವೆ ಹಾಕಿಕೊಂಡ ಗುರುತುಗಳಿಂದ ಒಂದು, ಪತ್ರ-ಪದ್ಯಗಳನ್ನು ಬೇಗ ಬರೆಯಬೇಕಾದವರ ಓಡುಬರಹದಿಂದ ಇನ್ನೊಂದು ಬೆಳೆದು ಬಂದುವು. ಆದುದರಿಂದ ಜಪಾನೀ ಲಿಪಿಗಳ ಇತಿಹಾಸವು ಬಹುಮಟ್ಟಿಗೆ ಹಸ್ತಪ್ರತಿಗಳ ಇತಿಹಾಸವೇ ಆಗಿದೆ. ಆ ಭಾಷೆಯಲ್ಲಿ ಹಿಂದೆ ಇದ್ದು ಈಗ ಅಳಿದುಹೋಗಿರುವ ಧ್ವನಿಭೇದಗಳು ತಿಳಿದುಬಂದದ್ದು ಸಹ ಪ್ರತಿಕಾರರು ಅರ್ಥವಿಲ್ಲದಂತೆ ತೋರುವ ಭೇದಗಳನ್ನು ತಿದ್ದದೆ ಉಳಿಸಿಕೊಂಡು ಬಂದುದರಿಂದಲೇ. ಈ ಎರಡು ಸಂಗತಿಗಳನ್ನು ಮುಂದಿರಿಸಿಕೊಂಡು ಜಪಾನೀ ಭಾಷೆ ಮತ್ತು ಲಿಪಿಗಳ ಬೆಳವಣಿಗೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಭಾಷೆಯ ಸ್ವರೂಪ

ಜಪಾನೀ ಭಾಷೆಗೂ ಚೀನೀ ಭಾಷೆಗೂ ಜ್ಞಾತಿ ಸಂಬಂಧವಿಲ್ಲ. ಜಪಾನಿಗೆ ನಿಸ್ಸಂದೇಹವಾಗಿ ಸಂಬಂಧವಿರುವುದು ದಕ್ಷಿಣದ ರ್ಯೂಕ್ಯೂ ದ್ವೀಪಗಳ ಭಾಷೆಗಳೊಡನೆ ಮಾತ್ರ. ಕೊರಿಯದ ಭಾಷೆಯೊಡನೆಯೂ ಮಧ್ಯ ಏಷ್ಯದ ಭಾಷೆಗಳೊಡನೆಯೂ ಅದನ್ನು ಕೂಡಿಸುವ ಪ್ರಯತ್ನಗಳು ಬಹಳ ಕಾಲದಿಂದ ನಡೆದಿವೆ. ಸುಸುಮು ಓನೋ ಅವರು 1980ರ ದಶಕದಲ್ಲಿ ಜಪಾನೀ ಭಾಷೆಗೂ ತಮಿಳಿಗೂ ಸಂಬಂಧವನ್ನು ಪ್ರತಿಪಾದಿಸಿದಾಗ ದಕ್ಷಿಣ ಭಾರತದಲ್ಲಿಯೂ ಆ ವಾದ ಕುತೂಹಲ ಕೆರಳಿಸಿತ್ತು. ಆದರೆ ಭಾಷಾವಿಜ್ಞಾನಿಗಳಲ್ಲಿ ಬಹುಪಾಲು ಜನ ಅದನ್ನು ಒಪ್ಪಿಲ್ಲ.

ಸಂಬಂಧದ ಪ್ರಶ್ನೆ ಏನೇ ಇರಲಿ, ವಾಕ್ಯರಚನೆಯಲ್ಲಿ ಜಪಾನೀ ಭಾಷೆಯು ಕನ್ನಡ ಬಲ್ಲವರಿಗೆ ಅಪರಿಚಿತವಾಗಿ ತೋರುವುದಿಲ್ಲ. ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕೊನೆಗೆ; ವಿಭಕ್ತಿಯ ಗುರುತು ನಾಮಪದದ ಹಿಂದೆ; ಕಾಲ, ನಿಷೇಧ, ಪ್ರಯೋಗಗಳನ್ನು ತಿಳಿಸುವ ಪ್ರತ್ಯಯಗಳು ಕ್ರಿಯಾಪದಕ್ಕೆ ಒಂದರ ಹಿಂದೊಂದು ಅಂಟಿಕೊಳ್ಳುತ್ತವೆ. ‘ಹೊನ್ ಒ ಯೊಮು’ ಎಂಬಲ್ಲಿ ‘ಹೊನ್’ ಎಂದರೆ ಪುಸ್ತಕ, ‘ಒ’ ಎಂಬುದು ದ್ವಿತೀಯಾ ವಿಭಕ್ತಿಯ ಗುರುತು, ‘ಯೊಮು’ ಎಂದರೆ ಓದು. ಚೀನೀ ಭಾಷೆಯಲ್ಲಾದರೋ ಕ್ರಿಯಾಪದವು ಕರ್ಮಕ್ಕಿಂತ ಮೊದಲು ಬರುತ್ತದೆ; ವಿಭಕ್ತಿ ಪ್ರತ್ಯಯಗಳೇ ಇಲ್ಲ; ಪದಗಳು ರೂಪಭೇದ ಹೊಂದುವುದಿಲ್ಲ. ಅಂಥ ಭಾಷೆಗೆಂದು ಬೆಳೆದ, ಒಂದು ಚಿಹ್ನೆ ಒಂದು ಪದವನ್ನು ಸೂಚಿಸುವ ಲಿಪಿಯಿಂದ ಪ್ರತ್ಯಯಸಮೃದ್ಧವಾದ ಜಪಾನೀ ಭಾಷೆಯನ್ನು ಬರೆಯಬೇಕಾಯಿತು. ಮುಂದಿನ ಬೆಳವಣಿಗೆಯೆಲ್ಲ ಈ ವಿರೋಧದಿಂದ ಹೊರಟುದು.

ಚೀನೀ ಲಿಪಿಯ ಪ್ರವೇಶ

ಚೀನದ ಹಾನ್ ವಂಶದ ಚಕ್ರವರ್ತಿಯು ಕ್ರಿ.ಶ. 57ರಲ್ಲಿ ಜಪಾನಿನ ಒಂದು ಸಣ್ಣ ರಾಜ್ಯಕ್ಕೆ ಮುದ್ರೆಯನ್ನು ದಯಪಾಲಿಸಿದನೆಂದು ಚೀನದ ಇತಿಹಾಸ ಗ್ರಂಥದಲ್ಲಿ ಹೇಳಿದೆ. 1784ರಲ್ಲಿ ಶಿಕನೊಶಿಮ ದ್ವೀಪದಲ್ಲಿ ದೊರೆತ ಚಿನ್ನದ ಮುದ್ರೆಯು ಅದೇ ಎಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಆದರೆ ಮುದ್ರೆ ಬಂದಿತೆಂದ ಮಾತ್ರಕ್ಕೆ ಜಪಾನೀಯರು ಬರೆಯಬಲ್ಲವರಾಗಿದ್ದರೆಂದು ಹೇಳಲಾಗದು. ಜಪಾನೀ ಹೆಸರುಗಳನ್ನು ಬರೆದಿರುವ ಆರಂಭದ ಸಾಕ್ಷ್ಯಗಳಲ್ಲಿ ಮುಖ್ಯವಾದುದು ಸಾಯಿತಮ ಪ್ರಾಂತದ ಇನಾರಿಯಾಮ ದಿಬ್ಬದ ಕಬ್ಬಿಣದ ಕತ್ತಿ. 1968ರಲ್ಲಿ ಅಗೆದು ತೆಗೆದ ಈ ಕತ್ತಿಯ ಮೇಲೆ ಬರಹವಿದೆಯೆಂಬುದು ತಿಳಿದದ್ದು 1978ರಲ್ಲಿ, ತುಕ್ಕಿನ ಮೂಲಕ ಕ್ಷ-ಕಿರಣ ಹಾಯಿಸಿದಾಗ. ಚಿನ್ನದ ತಂತಿಯನ್ನು ಕೂರಿಸಿ ಬರೆದಿರುವ 115 ಚಿಹ್ನೆಗಳ ಆ ಲೇಖದ ಕಾಲ ಸಾಮಾನ್ಯವಾಗಿ ಕ್ರಿ.ಶ. 471 ಎಂದು ಒಪ್ಪಿತವಾಗಿದೆ. ಅದರ ಭಾಷೆ ಚೀನೀ. ಆದರೆ ವ್ಯಕ್ತಿಗಳ ಹೆಸರುಗಳನ್ನು ಮಾತ್ರ ಚಿಹ್ನೆಗಳ ಅರ್ಥವನ್ನು ಬಿಟ್ಟು ಕೇವಲ ಉಚ್ಚಾರಕ್ಕಾಗಿ ಬಳಸಿ ಬರೆದಿದೆ.

ಅರ್ಥವನ್ನು ಬಿಟ್ಟು ಧ್ವನಿಯನ್ನು ಮಾತ್ರ ಹಿಡಿಯುವ ಈ ಉಪಾಯ ಜಪಾನೀಯರು ಹೊಸದಾಗಿ ಕಂಡುಹಿಡಿದುದಲ್ಲ. ಚೀನದಲ್ಲಿ ಬೌದ್ಧ ಸೂತ್ರಗಳನ್ನು ಅನುವಾದಿಸಿದವರು ಸಂಸ್ಕೃತದ ಹೆಸರುಗಳನ್ನೂ ಧಾರಣಿಗಳನ್ನೂ ಹೀಗೆಯೇ ಬರೆಯುತ್ತಿದ್ದರು. ಕೊರಿಯದಲ್ಲಿಯೂ ಇದೇ ರೂಢಿಯಿತ್ತು. ಜಪಾನಿಗೆ ವಿದ್ಯೆ ಬಂದುದು ಬಹುಪಾಲು ಕೊರಿಯದ ಪೆಕ್ಚೆ ರಾಜ್ಯದ ಲಿಪಿಕಾರರ ಮೂಲಕ.

ಚಿಹ್ನೆಗಳನ್ನು ಓದುವುದರಲ್ಲಿಯೂ ಎರಡು ಕ್ರಮಗಳು ನೆಲೆಗೊಂಡವು. ಬೆಟ್ಟವನ್ನು ಸೂಚಿಸುವ ಚಿಹ್ನೆಯನ್ನು ಚೀನೀ ಉಚ್ಚಾರವನ್ನು ಅನುಸರಿಸಿ ‘ಸನ್’ ಎಂದು ಓದುವುದು ಒಂದು ಕ್ರಮ; ದೇಶೀಯ ಪದವಾದ ‘ಯಾಮ’ ಎಂದು ಓದುವುದು ಇನ್ನೊಂದು ಕ್ರಮ. ಮೊದಲನೆಯದಕ್ಕೆ ‘ಒನ್’ ಎಂದೂ ಎರಡನೆಯದಕ್ಕೆ ‘ಕುನ್’ ಎಂದೂ ಹೆಸರು. ಚೀನದ ಬೇರೆ ಬೇರೆ ಪ್ರದೇಶಗಳ, ಬೇರೆ ಬೇರೆ ಕಾಲಗಳ ಉಚ್ಚಾರಗಳು ಬಂದು ಸೇರಿದುದರಿಂದ ‘ಒನ್’ ಓದಿನಲ್ಲಿಯೇ ಪದರಗಳಿವೆ. ಸೂತ್ರ ಎಂಬ ಅರ್ಥದ ಚಿಹ್ನೆಯನ್ನು ಬೌದ್ಧರು ಹಳೆಯ ಕ್ರಮದಂತೆ ‘ಕ್ಯೋ’ ಎಂದು ಓದುತ್ತಾರೆ. ಅದೇ ಚಿಹ್ನೆಗೆ ತಾಂಗ್ ರಾಜಧಾನಿಯ ಉಚ್ಚಾರದಿಂದ ಬಂದ ಓದು ‘ಕೇ’. ಈ ಎರವಲುಗಳಿಂದ ಭಾಷೆಯ ಧ್ವನಿರಚನೆಯೂ ಬದಲಾಯಿತು. ಹಳೆಯ ಜಪಾನಿಯಲ್ಲಿ ಪ್ರತಿಯೊಂದು ಅಕ್ಷರವೂ ಸ್ವರಾಂತವಾಗಿತ್ತು. ಪದಾಂತ್ಯದ ಅನುನಾಸಿಕ, ‘ಕ್ಯ’, ‘ಶೋ’ ಮುಂತಾದ ತಾಲವ್ಯೀಕೃತ ಅಕ್ಷರಗಳು ನೆಲೆಗೊಳ್ಳುವುದರಲ್ಲಿ ಚೀನೀ ಪದಗಳ ಪಾತ್ರ ದೊಡ್ಡದು.

ಮನ್‌ಯೋಗಾನ

ಕ್ರಿ.ಶ. 712ರಲ್ಲಿ ಓ ನೊ ಯಸುಮಾರೊ ಎಂಬ ಅಧಿಕಾರಿಯು ‘ಕೊಜಿಕಿ’ ಎಂಬ ಪುರಾಣೇತಿಹಾಸ ಗ್ರಂಥವನ್ನು ಸಿದ್ಧಪಡಿಸಿ ಆಸ್ಥಾನಕ್ಕೆ ಒಪ್ಪಿಸಿದನು. ಲಿಪಿಯ ಇಕ್ಕಟ್ಟನ್ನು ಆತನು ಪೀಠಿಕೆಯಲ್ಲಿ ಸ್ಪಷ್ಟವಾಗಿ ಹೇಳಿಕೊಂಡಿದ್ದಾನೆ. ಚಿಹ್ನೆಗಳನ್ನು ಅರ್ಥಕ್ಕಾಗಿ ಮಾತ್ರ ಬಳಸಿದರೆ ಹಳೆಯ ಮಾತಿನ ಭಾವ ಹಿಡಿಯುವುದಿಲ್ಲ. ಧ್ವನಿಗಾಗಿ ಮಾತ್ರ ಬಳಸಿದರೆ ಬರಹ ಅತಿಯಾಗಿ ಬೆಳೆಯುತ್ತದೆ. ಆದುದರಿಂದ ಆತನು ಎರಡನ್ನೂ ಬೆರೆಸಿದನು. ದೇವತೆಗಳ ಹೆಸರುಗಳನ್ನೂ ಹಾಡುಗಳನ್ನೂ ಒಂದು ಅಕ್ಷರಕ್ಕೆ ಒಂದು ಚಿಹ್ನೆಯಂತೆ ಧ್ವನಿಯಿಂದ ಬರೆದು ಉಳಿದುದನ್ನು ಅರ್ಥದಿಂದ ಬರೆದನು. ಕೊಜಿಕಿಯ ಉಪಲಬ್ಧ ಪ್ರತಿಗಳಲ್ಲಿ ಅತ್ಯಂತ ಹಳೆಯದು ನಗೋಯದ ಶಿಂಪುಕುಜಿ ಮಠದ ಪ್ರತಿ. ಅದು ನಕಲಾದದ್ದು 1371–72ರಲ್ಲಿ. ಅಂದರೆ ರಚನೆಗೂ ಪ್ರತಿಗೂ ಆರೂವರೆ ಶತಮಾನಗಳ ಅಂತರವಿದೆ.

‘ಮನ್‌ಯೋಶೂ’ ಎಂಬುದು ಇಪ್ಪತ್ತು ಸಂಪುಟಗಳ, ಸುಮಾರು 4,500 ಪದ್ಯಗಳ ಸಂಕಲನ. ಅದರಲ್ಲಿ ಕಾಲ ನಮೂದಾಗಿರುವ ಕೊನೆಯ ಪದ್ಯ 759ಕ್ಕೆ ಸೇರಿದುದು. ಧ್ವನಿಗಾಗಿ ಬಳಸುವ ಚಿಹ್ನೆಗಳಿಗೆ ‘ಮನ್‌ಯೋಗಾನ’ ಎಂಬ ಹೆಸರು ಬಂದುದು ಈ ಗ್ರಂಥದಿಂದಲೇ. ಆದರೆ ಇಲ್ಲಿಯ ಬರಹ ಒಂದೇ ಬಗೆಯದಲ್ಲ. ಕೆಲವು ಪದ್ಯಗಳಲ್ಲಿ ಪ್ರತಿಯೊಂದು ಅಕ್ಷರವೂ ಬರಹದಲ್ಲಿದೆ. ಕೆಲವುಗಳಲ್ಲಿ ಪ್ರತ್ಯಯಗಳನ್ನು ಬರೆದೇ ಇಲ್ಲ. ಮತ್ತೆ ಕೆಲವುಗಳಲ್ಲಿ ಒಗಟಿನಂಥ ಚಮತ್ಕಾರಗಳಿವೆ. ಇದರ ಪರಿಣಾಮವಾಗಿ ಇನ್ನೂರು ವರ್ಷಗಳೊಳಗೆ ಈ ಗ್ರಂಥ ಜಪಾನೀಯರಿಗೇ ಓದಲಾರದಂತಾಯಿತು. 951ರಲ್ಲಿ ಚಕ್ರವರ್ತಿ ಮುರಕಾಮಿಯು ಐವರು ಪಂಡಿತರನ್ನು ನೇಮಿಸಿ ಪದ್ಯಗಳಿಗೆ ಓದನ್ನು ಬರೆಯಿಸಿದನು. ಅವರಿಗೂ ಬಿಡಿಸಲಾಗದೆ ಉಳಿದ ಪದ್ಯಗಳು ಮುಂದೆಯೂ ಇದ್ದುವು. ಹದಿಮೂರನೆಯ ಶತಮಾನದಲ್ಲಿ ಸೆಂಗಾಕು ಎಂಬ ಭಿಕ್ಷುವು ಹಲವು ಪ್ರತಿಗಳನ್ನು ತಾಳೆನೋಡಿ, 1246ರಲ್ಲಿ ಅಂಥ 152 ಪದ್ಯಗಳಿಗೆ ಹೊಸದಾಗಿ ಓದನ್ನು ಒದಗಿಸಿದನು. ಗ್ರಂಥಸಂಪಾದನೆಯ ಇತಿಹಾಸದಲ್ಲಿ ಇದು ಸ್ಮರಣೀಯವಾದ ಕಾರ್ಯ.

ಗ್ರಂಥಗಳಲ್ಲಿ ಕಾಣುವ ಈ ತೊಡಕು ದಿನಬಳಕೆಯ ಬರಹದಲ್ಲಿಯೂ ಇತ್ತೆ? ಇದಕ್ಕೆ ಉತ್ತರ ದೊರೆತುದು ನೆಲದೊಳಗಿನಿಂದ. ನಾರಾದ ಹೇಜೋ ಅರಮನೆಯ ನೆಲೆಯಲ್ಲಿ 1961ರಲ್ಲಿ ಬರಹವುಳ್ಳ ಮರದ ಪಟ್ಟಿಗಳು ಮೊದಲಿಗೆ ದೊರೆತುವು. 1988ರಲ್ಲಿ ರಾಜಕುಮಾರ ನಗಾಯನ ಮನೆಯ ನಿವೇಶನದಲ್ಲಿ ಸುಮಾರು 35,000 ಪಟ್ಟಿಗಳು ಸಿಕ್ಕಿದುವು. ಸರಕಿನ ಚೀಟಿಗಳು, ಲೆಕ್ಕಗಳು, ಕೈಬರಹದ ಅಭ್ಯಾಸಗಳು ಇವುಗಳಲ್ಲಿವೆ. 905ರಲ್ಲಿ ಆಜ್ಞಪ್ತವಾದ ‘ಕೊಕಿನ್‌ಶೂ’ ಸಂಕಲನದ ಪೀಠಿಕೆಯಲ್ಲಿ ಕೈಬರಹ ಕಲಿಯುವವರಿಗೆ ತಂದೆತಾಯಿಗಳಂತಿರುವ ಎರಡು ಪದ್ಯಗಳ ಪ್ರಸ್ತಾಪವಿದೆ. ಶಿಗರಾಕಿಯ ಅರಮನೆಯ ನೆಲೆಯಲ್ಲಿ ದೊರೆತ ಪಟ್ಟಿಯೊಂದರ ಎರಡು ಮುಖಗಳಲ್ಲಿ ಇದೇ ಎರಡು ಪದ್ಯಗಳಿರುವುದು 2008ರಲ್ಲಿ ಪ್ರಕಟವಾಯಿತು. ಎಂಟನೆಯ ಶತಮಾನದ ನಡುಭಾಗದ ಆ ಪಟ್ಟಿಯಲ್ಲಿ ಬರಹವು ಒಂದು ಅಕ್ಷರಕ್ಕೆ ಒಂದು ಚಿಹ್ನೆಯಂತೆ ಸರಳವಾಗಿದೆ. ಸಾಮಾನ್ಯ ಗುಮಾಸ್ತರ ಕೈಯಲ್ಲಿ ಅಕ್ಷರಲಿಪಿಯ ಹಾದಿ ಆಗಲೇ ತೆರೆದಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಸಾಲುಗಳ ನಡುವಿನ ಗುರುತುಗಳು: ಕತಕಾನ

ಬೌದ್ಧ ವಿಹಾರಗಳಲ್ಲಿ ಸೂತ್ರಗಳನ್ನೂ ಶಾಸ್ತ್ರಗಳನ್ನೂ ಚೀನೀ ಅನುವಾದದಲ್ಲಿ ಪಾಠಹೇಳುತ್ತಿದ್ದರು. ಗುರುವು ಚೀನೀ ವಾಕ್ಯವನ್ನು ನೋಡುತ್ತಲೇ ಪದಗಳನ್ನು ಹಿಂದುಮುಂದು ಮಾಡಿ, ನಡುವೆ ಪ್ರತ್ಯಯಗಳನ್ನು ಸೇರಿಸಿ, ಜಪಾನೀ ವಾಕ್ಯವಾಗಿ ಓದಿ ಹೇಳುತ್ತಿದ್ದನು. ಶಿಷ್ಯನು ಅದನ್ನು ಮರೆಯದಂತೆ ತನ್ನ ಪ್ರತಿಯಲ್ಲಿಯೇ ಗುರುತು ಹಾಕಿಕೊಳ್ಳಬೇಕಾಗಿತ್ತು. ಈ ಗುರುತುಗಳಿಗೆ ಒಟ್ಟಾಗಿ ‘ಕುನ್‌ತೆನ್’ ಎಂದು ಹೆಸರು.

ಇವು ಮುಖ್ಯವಾಗಿ ಮೂರು ಬಗೆ. ಪದಗಳ ಕ್ರಮವನ್ನು ಬದಲಾಯಿಸಲು ಸೂಚಿಸುವ ಚಿಹ್ನೆಗಳು ಒಂದು ಬಗೆ. ಚೀನೀ ಚಿಹ್ನೆಯ ಸುತ್ತಲೂ ಗೊತ್ತಾದ ಸ್ಥಾನಗಳಲ್ಲಿ ಬಿಳಿಯ ಅಥವಾ ಕೆಂಪು ಬಣ್ಣದಿಂದ ಇಡುವ ಚುಕ್ಕೆಗಳು ಎರಡನೆಯ ಬಗೆ. ಚುಕ್ಕೆ ಯಾವ ಸ್ಥಾನದಲ್ಲಿದೆಯೋ ಅದಕ್ಕೆ ತಕ್ಕ ಪ್ರತ್ಯಯವನ್ನು ಓದುಗನು ಸೇರಿಸಿಕೊಳ್ಳಬೇಕು. ಆಸ್ಥಾನ ಪಂಡಿತರ ಪದ್ಧತಿಯಲ್ಲಿ ಎಡ ಕೆಳಮೂಲೆಯ ಚುಕ್ಕೆ ‘ತೆ’, ಎಡ ಮೇಲ್ಮೂಲೆಯದು ‘ನಿ’, ಬಲ ಮೇಲ್ಮೂಲೆಯದು ‘ವೊ’, ಬಲ ಕೆಳಮೂಲೆಯದು ‘ಹ’. ಪ್ರದಕ್ಷಿಣವಾಗಿ ಓದಿದರೆ ‘ತೆನಿವೊಹ’ ಎಂದಾಗುತ್ತದೆ. ಜಪಾನೀ ವ್ಯಾಕರಣದಲ್ಲಿ ಪ್ರತ್ಯಯಗಳಿಗೆ ಪರಂಪರೆಯಿಂದ ಬಂದ ಹೆಸರೂ ಇದೇ. ವ್ಯಾಕರಣದ ಪರಿಭಾಷೆಯೊಂದು ಹಸ್ತಪ್ರತಿಯ ನಾಲ್ಕು ಚುಕ್ಕೆಗಳಿಂದ ಹುಟ್ಟಿದುದಕ್ಕೆ ಇದು ಉತ್ತಮ ನಿದರ್ಶನ. ಚುಕ್ಕೆಗಳ ಸ್ಥಾನಗಳು ಒಂದೊಂದು ಪರಂಪರೆಯಲ್ಲಿ ಒಂದೊಂದು ತೆರನಾಗಿದ್ದುದರಿಂದ, ಹಸ್ತಪ್ರತಿಯೊಂದು ಯಾವ ವಿಹಾರದ, ಯಾವ ಶಾಖೆಯ ಪಾಠಕ್ರಮಕ್ಕೆ ಸೇರಿದುದೆಂಬುದನ್ನು ಅವುಗಳಿಂದಲೇ ನಿರ್ಣಯಿಸಬಹುದಾಗಿದೆ.

ಮೂರನೆಯ ಬಗೆಯೇ ಕತಕಾನ. ಸಾಲುಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಮನ್‌ಯೋಗಾನದ ಚಿಹ್ನೆಯನ್ನು ಪೂರ್ಣವಾಗಿ ಬರೆಯಲು ಸ್ಥಳವೂ ಇರಲಿಲ್ಲ, ಪಾಠ ಕೇಳುತ್ತಿರುವಾಗ ವ್ಯವಧಾನವೂ ಇರಲಿಲ್ಲ. ಆದುದರಿಂದ ಚಿಹ್ನೆಯ ಒಂದು ಭಾಗವನ್ನು ಮಾತ್ರ ಬರೆಯುವ ರೂಢಿ ಬಂದಿತು. ‘ಕ’ ಎಂದು ಓದುವ, ಕೂಡಿಸು ಎಂಬರ್ಥದ ಚಿಹ್ನೆಯ ಎಡಭಾಗವಷ್ಟೇ ಉಳಿದು ಕತಕಾನದ ‘ಕ’ ಆಯಿತು. ‘ಕತ’ ಎಂದರೆ ತುಂಡು, ಅಪೂರ್ಣ ಎಂದು ಅರ್ಥ. ಕಾಲ ನಮೂದಾಗಿರುವ ಆರಂಭದ ಸಾಕ್ಷ್ಯಗಳಲ್ಲಿ ಹರಿವರ್ಮನ ‘ಸತ್ಯಸಿದ್ಧಿ ಶಾಸ್ತ್ರ’ದ ಚೀನೀ ಅನುವಾದದ ಪ್ರತಿಯೊಂದು ಪ್ರಸಿದ್ಧವಾಗಿದೆ. 828ರ ಗುರುತುಗಳಿರುವ ಆ ಸುರುಳಿಗಳು ಈಗ ತೋದೈಜಿ ವಿಹಾರ ಮತ್ತು ಶೋಸೋಯಿನ್ ಭಂಡಾರಗಳಲ್ಲಿ ಹಂಚಿಹೋಗಿವೆ.

ಇಷ್ಟರಲ್ಲಿಯೇ ಕಥೆ ಮುಗಿಯಲಿಲ್ಲ. 1961ರಲ್ಲಿ ಕೊಬಯಾಶಿ ಯೊಶಿನೊರಿ ಅವರು ಶಾಯಿಯಿಲ್ಲದ ಬರಹವೊಂದನ್ನು ಗುರುತಿಸಿದರು. ದಂತ ಅಥವಾ ಬಿದಿರಿನ ಮೊನೆಯಿಂದ ಕಾಗದವನ್ನು ಒತ್ತಿ ಮೂಡಿಸಿದ ಈ ಗೆರೆಗಳು ಬೆಳಕನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತವೆ. ಮಸಿ ತುಂಬದ ಓಲೆಗರಿಯ ಮೇಲೆ ಕಂಟದ ಗೀರುಗಳನ್ನು ಓದಿ ಬಲ್ಲವರಿಗೆ ಈ ಕಷ್ಟ ಸುಲಭವಾಗಿ ಅರ್ಥವಾದೀತು. ಪವಿತ್ರ ಗ್ರಂಥವನ್ನು ಮಸಿಯಿಂದ ಕೆಡಿಸದೆ ಗುರುತು ಹಾಕಿಕೊಳ್ಳಲು ಇದು ಅನುಕೂಲವಾದ ವಿಧಾನ. 2000ದಲ್ಲಿ ಕೊರಿಯದ ಬೌದ್ಧ ಗ್ರಂಥಗಳಲ್ಲಿಯೂ ಇಂಥ ಗುರುತುಗಳು ಪತ್ತೆಯಾದುವು. ಇದರಿಂದ ಜಪಾನಿನ ಓದುಗುರುತುಗಳ ಮೂಲ, ಬಹುಶಃ ಕತಕಾನದ ಮೂಲವೂ, ಕೊರಿಯದ ಸಿಲ್ಲಾ ರಾಜ್ಯದಲ್ಲಿ ಇದ್ದಿರಬಹುದೆಂಬ ವಾದ ಹುಟ್ಟಿ ಚರ್ಚೆಗೆ ಒಳಗಾಗಿದೆ. ನೂರಾರು ವರ್ಷ ಓದುಗರ ಕಣ್ಣೆದುರಿಗೇ ಇದ್ದ ಸಾಕ್ಷ್ಯವನ್ನು ಯಾರೂ ಕಾಣದೆ ಹೋಗಿದ್ದರೆಂಬುದು ಇಲ್ಲಿ ಗಮನಾರ್ಹವಾದ ಸಂಗತಿ.

ಓಡುಬರಹ: ಹಿರಗಾನ

ಕತಕಾನವು ಚಿಹ್ನೆಯ ತುಂಡಾದರೆ, ಹಿರಗಾನವು ಇಡಿಯ ಚಿಹ್ನೆಯನ್ನು ಕುಂಚವೆತ್ತದೆ ವೇಗವಾಗಿ ಬರೆದಾಗ ಉಂಟಾದ ರೂಪ. ಶಾಂತಿ ಎಂಬರ್ಥದ, ‘ಅನ್’ ಎಂದು ಓದುವ ಚಿಹ್ನೆಯು ಓಡುಬರಹದಲ್ಲಿ ಸವೆದು ಹಿರಗಾನದ ‘ಅ’ ಆಯಿತು. ಶೋಸೋಯಿನ್ ಭಂಡಾರದಲ್ಲಿ ಎಂಟನೆಯ ಶತಮಾನದ, ಮನ್‌ಯೋಗಾನದಲ್ಲಿಯೇ ಬರೆದ ಎರಡು ಪತ್ರಗಳು ಉಳಿದಿವೆ. 867ರ ಸನುಕಿ ಪ್ರಾಂತದ ಅಧಿಕಾರಿಯೊಬ್ಬನ ವಿಜ್ಞಾಪನೆಯಲ್ಲಿ ಚಿಹ್ನೆಗಳು ಅರ್ಧ ಸವೆದ ಸ್ಥಿತಿಯಲ್ಲಿವೆ. ಹತ್ತನೆಯ ಶತಮಾನದ ಹೊತ್ತಿಗೆ ರೂಪಾಂತರ ಪೂರ್ಣವಾಗಿತ್ತು.

ಆಸ್ಥಾನದ ಪುರುಷರು ಅಧಿಕೃತ ಬರಹಕ್ಕೆ ಚೀನೀ ಭಾಷೆಯನ್ನೇ ಬಳಸುತ್ತಿದ್ದುದರಿಂದ ಹಿರಗಾನಕ್ಕೆ ‘ಹೆಂಗೈ ಬರಹ’ ಎಂಬರ್ಥದ ಹೆಸರು ಬಂದಿತು. ಆದರೆ ಪದ್ಯಗಳನ್ನೂ ಖಾಸಗಿ ಪತ್ರಗಳನ್ನೂ ಪುರುಷರು ಸಹ ಇದರಲ್ಲಿಯೇ ಬರೆಯುತ್ತಿದ್ದರು. ಆಡುನುಡಿಯ ಪ್ರತ್ಯಯಗಳನ್ನೆಲ್ಲ ಹಿಡಿಯಬಲ್ಲ ಈ ಲಿಪಿ ದೊರೆತುದರಿಂದಲೇ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಮುರಸಾಕಿ ಶಿಕಿಬು ‘ಗೆಂಜಿಯ ಕಥೆ’ಯನ್ನು ಬರೆಯುವುದು ಸಾಧ್ಯವಾಯಿತು. ಆ ಕೃತಿಯ ಸ್ವಹಸ್ತಪ್ರತಿ ಉಳಿದಿಲ್ಲ. ಇಂದು ಓದುವ ಪಾಠಕ್ಕೆ ಮುಖ್ಯ ಆಧಾರ ಕವಿ-ಪಂಡಿತ ಫುಜಿವಾರ ನೊ ತೇಕ (1162–1241) ಸಿದ್ಧಪಡಿಸಿದ ಪರಂಪರೆ. ಆತನ ಆ ಪ್ರತಿಯ ‘ವಕಮುರಸಾಕಿ’ ಅಧ್ಯಾಯ 2019ರಲ್ಲಿ ಟೋಕಿಯೊದ ಮನೆತನವೊಂದರಲ್ಲಿ ದೊರೆಯಿತು.

ಸಿದ್ಧಂ ಲಿಪಿ ಮತ್ತು ವರ್ಣಮಾಲೆ

ಜಪಾನೀ ವರ್ಣಮಾಲೆಯ ಕ್ರಮಕ್ಕೆ ಭಾರತದ ಋಣವಿದೆ. ಧಾರಣಿಗಳನ್ನು ಶುದ್ಧವಾಗಿ ಉಚ್ಚರಿಸಬೇಕೆಂಬ ಕಾರಣದಿಂದ ಭಿಕ್ಷುಗಳು ಸಿದ್ಧಂ ಲಿಪಿಯನ್ನೂ ಸಂಸ್ಕೃತ ವರ್ಣಕ್ರಮವನ್ನೂ ಕಲಿಯುತ್ತಿದ್ದರು. ಹೋರ್ಯೂಜಿ ವಿಹಾರದಲ್ಲಿದ್ದು ಈಗ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಎರಡು ತಾಳೆಗರಿಗಳಲ್ಲಿ ‘ಪ್ರಜ್ಞಾಪಾರಮಿತಾ ಹೃದಯ’ ಮತ್ತು ‘ಉಷ್ಣೀಷವಿಜಯಾ ಧಾರಣಿ’ಗಳಿದ್ದು, ಕೊನೆಗೆ ವರ್ಣಮಾಲೆಯೂ ಇದೆ. 804ರಲ್ಲಿ ಚೀನಕ್ಕೆ ಹೋಗಿ 806ರಲ್ಲಿ ಮರಳಿದ ಕೂಕೈ ಸಿದ್ಧಂ ಅಧ್ಯಯನವನ್ನು ಜಪಾನಿನಲ್ಲಿ ನೆಲೆಗೊಳಿಸಿದನು. 880ರಲ್ಲಿ ಅನ್ನೆನ್ ಎಂಬಾತನು ಈ ವಿಷಯವಾಗಿ ದೊಡ್ಡ ಗ್ರಂಥವನ್ನೇ ರಚಿಸಿದನು. ಐದು ಸ್ವರ, ಹತ್ತು ಸಾಲುಗಳ ‘ಗೊಜೂವೊನ್’ ಕೋಷ್ಟಕದ ಉಪಲಬ್ಧ ರೂಪಗಳಲ್ಲಿ ಅತ್ಯಂತ ಹಳೆಯದು ‘ಮಹಾಮಾಯೂರೀ’ ಸೂತ್ರದ ಉಚ್ಚಾರ ಟಿಪ್ಪಣಿಯ ಹನ್ನೊಂದನೆಯ ಶತಮಾನದ ಪ್ರತಿಯಲ್ಲಿದೆ. ಆಗ ಅದರ ಕ್ರಮ ಇನ್ನೂ ಸ್ಥಿರವಾಗಿರಲಿಲ್ಲ.

ಸ್ಥಿರಗೊಂಡ ಮೇಲಿನ ಕ್ರಮ ಹೀಗಿದೆ: ಅ, ಕ, ಸ, ತ, ನ, ಹ, ಮ, ಯ, ರ, ವ; ಸ್ವರಗಳು ಅ, ಇ, ಉ, ಎ, ಒ. ಕನ್ನಡ ವರ್ಣಮಾಲೆಯನ್ನು ಬಲ್ಲವರಿಗೆ ಇಲ್ಲಿ ಎರಡು ಸ್ಥಾನಗಳು ವಿಚಿತ್ರವಾಗಿ ಕಾಣುತ್ತವೆ. ಚವರ್ಗ ಬರಬೇಕಾದ ಕಡೆ ‘ಸ’ ಇದೆ. ಪವರ್ಗ ಬರಬೇಕಾದ ಕಡೆ, ‘ಮ’ಕಾರಕ್ಕೆ ಮೊದಲು, ‘ಹ’ ಇದೆ. ಕೋಷ್ಟಕವನ್ನು ರಚಿಸಿದವರು ಸಂಸ್ಕೃತ ಕ್ರಮವನ್ನು ತಪ್ಪಾಗಿ ಅನುಸರಿಸಿದರೆಂದು ಇದರ ಅರ್ಥವಲ್ಲ. ಇಂದು ‘ಸ’ ಎಂದು ಕೇಳಿಸುವ ಧ್ವನಿ ಆಗ ‘ಚ’ಕಾರಕ್ಕೆ ಹತ್ತಿರವಾದ ಸ್ಪರ್ಶಘರ್ಷವಾಗಿತ್ತೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. ‘ಹ’ಕಾರವಂತೂ ಮೂಲದಲ್ಲಿ ‘ಪ’ಕಾರವೇ ಆಗಿದ್ದು, ಎರಡು ತುಟಿಗಳ ನಡುವೆ ಉಸಿರು ಹಾಯುವ ‘ಫ಼’ಕಾರವಾಗಿ, ಕೊನೆಗೆ ‘ಹ’ಕಾರವಾಯಿತು. ಪಾಲು–ಹಾಲು, ಪೂ–ಹೂ ಎಂಬ ಕನ್ನಡದ ಪರಿವರ್ತನೆಗೆ ಇದು ಸಮಾನವಾದುದಾದ್ದರಿಂದ ಕನ್ನಡಿಗರು ಇದನ್ನು ಸುಲಭವಾಗಿ ಗ್ರಹಿಸಬಹುದು. ಆದರೆ ಎರಡೂ ಪರಸ್ಪರ ಸಂಬಂಧವಿಲ್ಲದೆ ನಡೆದ ಬದಲಾವಣೆಗಳು.

ಈ ಬದಲಾವಣೆಯ ಮೆಟ್ಟಿಲುಗಳಿಗೆ ಲಿಖಿತ ಸಾಕ್ಷ್ಯಗಳಿವೆ. ಒಂಬತ್ತನೆಯ ಶತಮಾನದಲ್ಲಿ ಚೀನದಲ್ಲಿದ್ದು ಸಿದ್ಧಂ ಕಲಿತ ಎನ್ನಿನ್ ಎಂಬ ಭಿಕ್ಷುವು ಸಂಸ್ಕೃತದ ‘ಪ’ಕಾರವನ್ನು ವಿವರಿಸುವಾಗ, ಸ್ವದೇಶದ ಆ ಅಕ್ಷರಕ್ಕೆ ತುಟಿಗಳ ಧ್ವನಿಯನ್ನು ಹೆಚ್ಚಾಗಿ ಸೇರಿಸಬೇಕೆಂದು ಬರೆದಿದ್ದಾನೆ. ಅಂದರೆ ಆ ಹೊತ್ತಿಗೇ ಜಪಾನೀ ‘ಪ’ ಸಡಿಲಗೊಂಡಿತ್ತೆಂದು ತೋರುತ್ತದೆ. 1516ರ ಒಗಟುಗಳ ಸಂಗ್ರಹವೊಂದರಲ್ಲಿ, ತಾಯಿಯೊಡನೆ ಎರಡು ಸಲ ಕೂಡುವುದು, ತಂದೆಯೊಡನೆ ಒಂದು ಸಲವೂ ಕೂಡದಿರುವುದು ಏನೆಂಬ ಪ್ರಶ್ನೆಗೆ ಉತ್ತರ ‘ತುಟಿಗಳು’ ಎಂದಿದೆ. ‘ಹಹ’ ಎಂದರೆ ತಾಯಿ, ‘ಚಿಚಿ’ ಎಂದರೆ ತಂದೆ. ಇಂದಿನ ಉಚ್ಚಾರದಲ್ಲಿ ಈ ಒಗಟಿಗೆ ಅರ್ಥವಿಲ್ಲ. ‘ಫ಼ಫ಼’ ಎಂದು ಉಚ್ಚರಿಸಿದರೆ ಮಾತ್ರ ತುಟಿಗಳು ಎರಡು ಸಲ ಸಮೀಪಿಸುತ್ತವೆ. 1603ರಲ್ಲಿ ನಾಗಸಾಕಿಯಲ್ಲಿ ಜೆಸ್ವಿಟ್ ಪಾದ್ರಿಗಳು ಅಚ್ಚುಹಾಕಿಸಿದ ಜಪಾನೀ–ಪೋರ್ಚುಗೀಸ್ ಕೋಶದಲ್ಲಿಯೂ ರೋಮನ್ ಲಿಪಿಯಲ್ಲಿ ‘ಫ಼’ಕಾರವೇ ಇದೆ.

ಕಳೆದುಹೋದ ಧ್ವನಿಗಳು

ಹದಿನೆಂಟನೆಯ ಶತಮಾನದಲ್ಲಿ ಮೊತೂರಿ ನೊರಿನಾಗ ಕೊಜಿಕಿಯನ್ನು ಅಭ್ಯಾಸಮಾಡುವಾಗ ಒಂದು ಸಂಗತಿಯನ್ನು ಗಮನಿಸಿದನು. ಒಂದೇ ಉಚ್ಚಾರವೆಂದು ಭಾವಿಸಿದ್ದ ಅಕ್ಷರಕ್ಕೆ ಕೆಲವು ಪದಗಳಲ್ಲಿ ಒಂದು ಗುಂಪಿನ ಚಿಹ್ನೆಗಳೂ ಬೇರೆ ಪದಗಳಲ್ಲಿ ಇನ್ನೊಂದು ಗುಂಪಿನ ಚಿಹ್ನೆಗಳೂ ಬರುತ್ತಿದ್ದುವು, ಅವು ಬೆರೆಯುತ್ತಿರಲಿಲ್ಲ. ಆತನ ಶಿಷ್ಯ ಇಶಿಜುಕ ತತ್ಸುಮಾರೊ ಉದಾಹರಣೆಗಳನ್ನೆಲ್ಲ ಕಲೆಹಾಕಿ ಗ್ರಂಥ ಬರೆದನು; ಆದರೆ ಅದರ ಮಹತ್ತ್ವವನ್ನು ಯಾರೂ ಅರಿಯಲಿಲ್ಲ. 1917ರಲ್ಲಿ ಹಾಶಿಮೊತೊ ಶಿಂಕಿಚಿ ಅವರು ಈ ಭೇದವು ಬರಹದ ರೂಢಿಯಲ್ಲ, ಎಂಟನೆಯ ಶತಮಾನದಲ್ಲಿ ಜೀವಂತವಾಗಿದ್ದು ಆಮೇಲೆ ಅಳಿದುಹೋದ ಧ್ವನಿಭೇದವೆಂದು ಪ್ರತಿಪಾದಿಸಿದರು. ಕೊಜಿಕಿಯಲ್ಲಿ ಇಂಥ ಭೇದಗಳನ್ನು ಸೇರಿಸಿದರೆ ಒಟ್ಟು 88 ಅಕ್ಷರಗಳು ದೊರೆಯುತ್ತವೆ. ಆ ಭೇದಗಳ ನಿಖರವಾದ ಉಚ್ಚಾರ ಹೇಗಿತ್ತೆಂಬುದರಲ್ಲಿ ಮಾತ್ರ ಈಗಲೂ ಭಿನ್ನಾಭಿಪ್ರಾಯಗಳಿವೆ.

ಇದರ ಫಲ ಭಾಷೆಯ ಇತಿಹಾಸಕ್ಕಷ್ಟೇ ಸೀಮಿತವಲ್ಲ. ‘ಕಾಮಿ’ ಎಂದರೆ ದೇವತೆ. ‘ಕಾಮಿ’ ಎಂದರೆ ಮೇಲು ಎಂದೂ ಅರ್ಥ. ಮೇಲಿರುವವನಾದ್ದರಿಂದ ದೇವತೆಗೆ ಆ ಹೆಸರು ಬಂದಿತೆಂಬ ನಿಷ್ಪತ್ತಿ ಬಹಳ ಕಾಲ ಪ್ರಚಾರದಲ್ಲಿತ್ತು. ಆದರೆ ಹಳೆಯ ಗ್ರಂಥಗಳಲ್ಲಿ ಇವೆರಡರ ‘ಮಿ’ಗಳು ಬೇರೆ ಬೇರೆ ಗುಂಪಿನ ಚಿಹ್ನೆಗಳಿಂದ ಬರೆಯಲ್ಪಟ್ಟಿವೆ. ಆದುದರಿಂದ ಆ ನಿಷ್ಪತ್ತಿ ಆಧಾರ ಕಳೆದುಕೊಂಡಿತು.

ಕರ್ತೃತ್ವದ ನಿರ್ಣಯಕ್ಕೂ ಇಂಥ ಭೇದಗಳು ನೆರವಾಗುತ್ತವೆ. 47 ಅಕ್ಷರಗಳನ್ನೂ ಒಂದೊಂದೇ ಸಲ ಬಳಸಿ, ಸಂಸಾರದ ಅನಿತ್ಯತೆಯನ್ನು ಹೇಳುವ ‘ಇರೋಹ’ ಪದ್ಯ ಕೂಕೈಯ ರಚನೆಯೆಂದು ಪ್ರತೀತಿ. ಅದರ ಉಪಲಬ್ಧ ಪಾಠಗಳಲ್ಲಿ ಅತ್ಯಂತ ಹಳೆಯದು ‘ಸುವರ್ಣಪ್ರಭಾಸ’ ಸೂತ್ರದ ಉಚ್ಚಾರ ಟಿಪ್ಪಣಿಯ 1079ರ ಪ್ರತಿಯಲ್ಲಿದೆ. ಕೂಕೈ ತೀರಿಕೊಂಡದ್ದು 835ರಲ್ಲಿ. ‘ಎ’ ಮತ್ತು ‘ಯೆ’ಗಳ ಭೇದ ಹತ್ತನೆಯ ಶತಮಾನದ ನಡುಭಾಗದವರೆಗೂ ಭಾಷೆಯಲ್ಲಿತ್ತು. ಇರೋಹದಲ್ಲಿ ಆ ಭೇದವಿಲ್ಲ. ಆದುದರಿಂದ ಪದ್ಯವು ಕೂಕೈಯ ಕಾಲಕ್ಕಿಂತ ಈಚಿನದೆಂದು ಸಿದ್ಧವಾಗುತ್ತದೆ.

ಒಂದು ಮೂಲ, ಎರಡು ಪ್ರತಿಗಳು

ಪ್ರತಿಕಾರನ ಹೊಣೆ ಎಂಥದೆಂಬುದನ್ನು ‘ತೋಸ ನಿಕ್ಕಿ’ ಎಂಬ ಪ್ರವಾಸ ದಿನಚರಿಯ ಪರಂಪರೆ ಸ್ಪಷ್ಟಪಡಿಸುತ್ತದೆ. ಕಿ ನೊ ತ್ಸುರಯುಕಿ ಇದನ್ನು ಸುಮಾರು 935ರಲ್ಲಿ, ಹೆಂಗಸೊಬ್ಬಳು ಬರೆದಂತೆ ಹಿರಗಾನದಲ್ಲಿ ರಚಿಸಿದನು. ಆತನ ಸ್ವಹಸ್ತಪ್ರತಿ ಮುನ್ನೂರು ವರ್ಷಗಳ ಅನಂತರವೂ ಉಳಿದಿತ್ತು. 1235ರಲ್ಲಿ ತೇಕ ಅದನ್ನು ನಕಲು ಮಾಡಿದನು. ಮುಂದಿನ ವರ್ಷ ಆತನ ಮಗ ತಮೆಯಿಯೆ ಅದೇ ಮೂಲದಿಂದ ಇನ್ನೊಂದು ನಕಲು ಮಾಡಿದನು. ಆಮೇಲೆ ಮೂಲಪ್ರತಿ ಕಾಣೆಯಾಯಿತು.

ತೇಕ ಮಹಾಪಂಡಿತ. ಮೂಲದ ಕಾಗದ ಮತ್ತು ಅಳತೆಗಳನ್ನು ದಾಖಲಿಸಿದನು. ಕೊನೆಯ ಭಾಗವನ್ನು ತ್ಸುರಯುಕಿಯ ಕೈಬರಹದಂತೆಯೇ ಅನುಕರಿಸಿ ಬರೆದನು. ಆದರೆ ಉಳಿದೆಡೆ ಅಕ್ಷರವಿನ್ಯಾಸವನ್ನು ತನ್ನ ನಿಯಮಕ್ಕೆ ತಕ್ಕಂತೆ ತಿದ್ದಿದನು. ತಮೆಯಿಯೆ ತಿದ್ದಲಿಲ್ಲ, ಇದ್ದುದನ್ನು ಇದ್ದಂತೆ ಬರೆದನು. 1941ರಲ್ಲಿ ಇಕೆದ ಕಿಕಾನ್ ಅವರು ಪ್ರತಿಗಳನ್ನೆಲ್ಲ ತಾಳೆನೋಡಿ, ತಮೆಯಿಯೆಯ ನಕಲಿನಿಂದ ಇಳಿದುಬಂದ ಪ್ರತಿಯೊಂದೇ ಮೂಲಕ್ಕೆ ಅತ್ಯಂತ ನಿಷ್ಠವಾದುದೆಂದು ತೋರಿಸಿಕೊಟ್ಟರು. ಆಗ ತಮೆಯಿಯೆಯ ಸ್ವಂತ ಪ್ರತಿ ಇನ್ನೂ ದೊರೆತಿರಲಿಲ್ಲ. 1980ರ ದಶಕದಲ್ಲಿ ಅದು ಬೆಳಕಿಗೆ ಬಂದಾಗ ಆ ತೀರ್ಮಾನ ದೃಢಪಟ್ಟಿತು. 1999ರಲ್ಲಿ ಆ ಪ್ರತಿಯನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಲಾಯಿತು.

ತೇಕನ ತಿದ್ದುಪಡಿಯೂ ವ್ಯರ್ಥವಾಗಲಿಲ್ಲವೆಂಬುದು ನಿಜ. ಆತನ ಕಾಲಕ್ಕೆ ‘ವೊ’ ಮತ್ತು ‘ಒ’ಗಳ ಉಚ್ಚಾರ ಒಂದಾಗಿತ್ತು; ಆತನು ಅವುಗಳನ್ನು ಸ್ವರದ ಏರಿಳಿತಕ್ಕೆ ಅನುಸಾರವಾಗಿ ಹಂಚಿದನೆಂದು ಓನೋ ಅವರು ತೋರಿಸಿದ್ದಾರೆ. ಹೀಗೆ ಆ ತಿದ್ದುಪಡಿಗಳು ಹದಿಮೂರನೆಯ ಶತಮಾನದ ಸ್ವರಭಾರಕ್ಕೆ ಸಾಕ್ಷಿಯಾಗಿವೆ. ಆದರೆ ಹತ್ತನೆಯ ಶತಮಾನಕ್ಕೆ ಸಾಕ್ಷಿಯಾಗಿ ಉಳಿದುದು ಮಗನ ಪ್ರತಿಯೇ. ಮುಂದೆ ಹದಿನೇಳನೆಯ ಶತಮಾನದಲ್ಲಿ ಸಿದ್ಧಂ ಬಲ್ಲ ಭಿಕ್ಷು ಕೇಚೂ (1640–1701) ಪ್ರಾಚೀನ ಗ್ರಂಥಗಳ ಪ್ರಯೋಗಗಳನ್ನು ಸಂಗ್ರಹಿಸಿ, ಆ ಕಾಲದ ಅಕ್ಷರವಿನ್ಯಾಸ ಸುಸಂಗತವಾಗಿತ್ತೆಂದು ಸಾಧಿಸಿ, ತೇಕನ ನಿಯಮಗಳನ್ನು ಬದಿಗಿಟ್ಟನು. ಆತನು ಕಂಡುಕೊಂಡ ಕ್ರಮವೇ ಆಧುನಿಕ ಜಪಾನಿನಲ್ಲಿ 1946ರವರೆಗೂ ಪ್ರಮಾಣವಾಗಿತ್ತು.

ಆಧುನಿಕ ಸುಧಾರಣೆಗಳು

ಹದಿಮೂರನೆಯ ಶತಮಾನದಿಂದೀಚೆಗೆ ಗ್ರಂಥಭಾಷೆಗೂ ಆಡುಭಾಷೆಗೂ ಅಂತರ ಬೆಳೆಯುತ್ತ ಹೋಯಿತು. ಹಳೆಯ ಭಾಷೆಯಲ್ಲಿ ವಾಕ್ಯವನ್ನು ಮುಗಿಸುವ ಕ್ರಿಯಾರೂಪವೂ ನಾಮಪದವನ್ನು ವಿಶೇಷಿಸುವ ರೂಪವೂ ಬೇರೆಯಾಗಿದ್ದುವು. ಕ್ರಮೇಣ ಎರಡನೆಯದೇ ಮೊದಲನೆಯದರ ಸ್ಥಾನವನ್ನೂ ಆಕ್ರಮಿಸಿತು. 1887ರಲ್ಲಿ ಪ್ರಕಟವಾಗತೊಡಗಿದ ಫುತಬಾತೆಯಿ ಶಿಮೆಯಿ ಅವರ ಕಾದಂಬರಿ ‘ಉಕಿಗುಮೊ’ ಆಡುನುಡಿಯನ್ನು ಸಾಹಿತ್ಯದ ಗದ್ಯವಾಗಿ ಬಳಸಿದ ಆರಂಭದ ಕೃತಿಗಳಲ್ಲಿ ಒಂದು.

ಲಿಪಿಯ ಸುಧಾರಣೆಗೂ ಬೇಡಿಕೆಗಳು ಬಂದುವು. 1866ರಲ್ಲಿಯೇ ಮಾಯೆಜಿಮ ಹಿಸೋಕ ಅವರು ಚೀನೀ ಚಿಹ್ನೆಗಳನ್ನು ಕೈಬಿಡಬೇಕೆಂದು ವಿಜ್ಞಾಪನೆ ಸಲ್ಲಿಸಿದ್ದರು. ಅದು ನಡೆಯಲಿಲ್ಲ. 1946ರಲ್ಲಿ 1,850 ಕಾಂಜಿಗಳ ಪಟ್ಟಿಯೂ ಉಚ್ಚಾರಾನುಸಾರಿಯಾದ ಅಕ್ಷರವಿನ್ಯಾಸವೂ ಜಾರಿಗೆ ಬಂದುವು. ಕಾಂಜಿಗಳ ಸಂಖ್ಯೆ 1981ರಲ್ಲಿ 1,945, 2010ರಲ್ಲಿ 2,136 ಆಯಿತು. ಆದರೂ ‘ವ’ ಎಂದು ಉಚ್ಚರಿಸುವ ಪ್ರತ್ಯಯವನ್ನು ಇಂದಿಗೂ ‘ಹ’ಕಾರದಿಂದಲೇ ಬರೆಯುತ್ತಾರೆ, ಹಳೆಯ ಧ್ವನಿಯ ಗುರುತು ದಿನನಿತ್ಯದ ಬರಹದಲ್ಲಿ ಹೀಗೆ ಉಳಿದಿದೆ.

ಹಸ್ತಪ್ರತಿಗಳ ದೃಷ್ಟಿಯಿಂದ ಇವೆಲ್ಲಕ್ಕಿಂತ ಹೆಚ್ಚಿನ ಪರಿಣಾಮ ಮಾಡಿದುದು 1900ರ ಪ್ರಾಥಮಿಕ ಶಾಲೆಗಳ ನಿಯಮ. ಅದಕ್ಕೆ ಹಿಂದೆ ಒಂದೊಂದು ಹಿರಗಾನ ಅಕ್ಷರಕ್ಕೂ ಬೇರೆ ಬೇರೆ ಮೂಲಚಿಹ್ನೆಗಳಿಂದ ಬಂದ ಹಲವು ರೂಪಗಳು ಬಳಕೆಯಲ್ಲಿದ್ದುವು. ಶಾಲೆಯಲ್ಲಿ ಒಂದು ಅಕ್ಷರಕ್ಕೆ ಒಂದೇ ರೂಪವನ್ನು ಕಲಿಸತೊಡಗಿದುದರಿಂದ ಮಕ್ಕಳ ಕಲಿಕೆ ಹಗುರವಾಯಿತು, ಅಚ್ಚಿನ ಕೆಲಸ ಸುಗಮವಾಯಿತು. ಆದರೆ ಕೆಲವೇ ತಲೆಮಾರುಗಳಲ್ಲಿ ಅಕ್ಷರಸ್ಥರಾದ ಜಪಾನೀಯರು ಸಹ ತಮ್ಮ ಮುತ್ತಜ್ಜನ ಪತ್ರವನ್ನಾಗಲಿ ಹತ್ತೊಂಬತ್ತನೆಯ ಶತಮಾನದ ಕಥೆಪುಸ್ತಕವನ್ನಾಗಲಿ ಓದಲಾರದವರಾದರು. 951ರಲ್ಲಿ ಮನ್‌ಯೋಶೂವಿಗೆ ಒದಗಿದ ಸ್ಥಿತಿ ಈಗ ಇಡೀ ಗ್ರಂಥರಾಶಿಗೆ ಒದಗಿತೆನ್ನಬಹುದು. 2017ರಲ್ಲಿ 285 ಹಳೆಯ ಹಿರಗಾನ ರೂಪಗಳು ಯೂನಿಕೋಡ್ ಸಂಕೇತಮಾಲೆಗೆ ಸೇರಿದುವು. ಅದೇ ವರ್ಷ ಭೂಕಂಪಗಳ ಹಳೆಯ ದಾಖಲೆಗಳನ್ನು ಸಾರ್ವಜನಿಕರ ನೆರವಿನಿಂದ ಲಿಪ್ಯಂತರಿಸುವ ಯೋಜನೆಯೊಂದು ಆರಂಭವಾಯಿತು. 2021ರಲ್ಲಿ ಓಡುಬರಹವನ್ನು ಯಂತ್ರದಿಂದ ಗುರುತಿಸಿ ಓದುವ ‘ಮಿವೊ’ ಎಂಬ ಸಾಧನ ಮೊಬೈಲ್ ದೂರವಾಣಿಗಳಿಗೂ ದೊರೆಯಿತು.

ಯಂತ್ರವು ಅಕ್ಷರವನ್ನು ಗುರುತಿಸಬಲ್ಲುದು. ಆದರೆ ಅದಕ್ಕೆ ಒದಗಿಸಿದ ಚಿತ್ರದಲ್ಲಿ ಇರುವುದನ್ನು ಮಾತ್ರ ಗುರುತಿಸಬಲ್ಲುದು. ನೇರ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಮೊನೆಯಿಂದ ಒತ್ತಿದ ಗೆರೆಗಳು ಮೂಡುವುದಿಲ್ಲ. ಕಪ್ಪು-ಬಿಳುಪಿನ ಚಿತ್ರದಲ್ಲಿ ಕೆಂಪು ಚುಕ್ಕೆಗೂ ಮಸಿಯ ಚುಕ್ಕೆಗೂ ಭೇದ ತಿಳಿಯುವುದಿಲ್ಲ. ಜಪಾನಿನ ವಿದ್ವಾಂಸರು ಹಸ್ತಪ್ರತಿಯ ವಿವರಣೆಯಲ್ಲಿ ಮೂಲಪಾಠದ ಜೊತೆಗೆ ಚುಕ್ಕೆಗಳ ಬಣ್ಣ, ಸ್ಥಾನ, ಕಾಲ, ಅಂಚಿನ ಟಿಪ್ಪಣಿ, ಅಕ್ಷರರೂಪಗಳ ಭೇದ ಇವೆಲ್ಲವನ್ನೂ ಬೇರೆ ಬೇರೆಯಾಗಿ ನಮೂದಿಸುವ ಪದ್ಧತಿಯನ್ನು ಬೆಳೆಸಿಕೊಂಡಿರುವುದು ಈ ಅನುಭವದಿಂದಲೇ. ಓದುಗನ ನೆನಪಿಗೆಂದು ಹಾಕಿದ ಗುರುತು ಒಂದು ಲಿಪಿಯಾಯಿತು. ಅಕಾರಣವೆಂದು ತೋರಿದ ಚಿಹ್ನಾಭೇದ ಒಂದು ಧ್ವನಿವ್ಯವಸ್ಥೆಯನ್ನು ಬೆಳಕಿಗೆ ತಂದಿತು. ಇವುಗಳನ್ನು ಗ್ರಂಥಕ್ಕೆ ಸೇರದವೆಂದು ಬಿಟ್ಟಿದ್ದರೆ ಗ್ರಂಥಗಳು ಉಳಿಯುತ್ತಿದ್ದುವು. ಆ ಭಾಷೆಯ ಇತಿಹಾಸ ಉಳಿಯುತ್ತಿರಲಿಲ್ಲ.